ಬಿಂದುಗಳಿಂದ ಕಟ್ಟಿದ ಅಕ್ಷರ: ಆಧುನಿಕೋತ್ತರ ಗ್ರಾಫಿಕ್ ವಿನ್ಯಾಸ ಮತ್ತು ತಂತ್ರಜ್ಞಾನ

ಆಧುನಿಕೋತ್ತರವಾದವನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಸಾಹಿತ್ಯ ವಿಮರ್ಶೆಯ ಆವರಣದಲ್ಲಿಯೇ ನಡೆದಿದೆ. ರೋಲಾ ಬಾರ್ತ್, ಡೆರಿಡಾ ಮೊದಲಾದವರು ನಮಗೆ ಪರಿಚಿತರಾದದ್ದೂ ಆ ಮಾರ್ಗದಿಂದಲೇ. ಆದರೆ ಪಠ್ಯವೆಂಬುದಕ್ಕೆ ಅರ್ಥದಂತೆಯೇ ಮುದ್ರಿತವಾದ ಒಂದು ಶರೀರವೂ ಇರುತ್ತದೆ. ಅಕ್ಷರದ ಆಕಾರ, ಪದಗಳ ನಡುವಣ ತೆರಪು, ಪುಟದ ಅಂಚು ಇವೆಲ್ಲ ಓದಿನಲ್ಲಿ ಪಾಲ್ಗೊಳ್ಳುತ್ತವೆ. ಇದೇ ವಿಷಯ 1970ರ ದಶಕದ ಕೊನೆಯಿಂದ ಸುಮಾರು ಎರಡು ದಶಕಗಳ ಕಾಲ ಅಮೆರಿಕದ ಗ್ರಾಫಿಕ್ ವಿನ್ಯಾಸಕಾರರಲ್ಲಿ ತೀವ್ರ ವಿವಾದವನ್ನೆಬ್ಬಿಸಿತ್ತು. ಆ ಕಾಲದ ಒಡೆದ, ಪದರು ಪದರಾದ, ಓದಿಗೆ ತೊಡಕೊಡ್ಡುವ ಪುಟಗಳು ಕಂಪ್ಯೂಟರಿನ ಕೂಸುಗಳೆಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ವಿವರಣೆ ನಿಲ್ಲುವುದಿಲ್ಲ. ಹಾಗೆಂದು ಅದನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ಸಾಧ್ಯವಿಲ್ಲ.

ಆಧುನಿಕ ಮುದ್ರಣಕಲೆಯ ಆದರ್ಶ ಪಾರದರ್ಶಕತೆ. ಬಿಯಾಟ್ರಿಸ್ ವಾರ್ಡ್ 1930ರಲ್ಲಿ ನೀಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಉತ್ತಮ ಮುದ್ರಣವನ್ನು ಸ್ಫಟಿಕದ ಪಾನಪಾತ್ರೆಗೆ ಹೋಲಿಸಿದಳು. ಒಳಗಿನ ದ್ರಾಕ್ಷಾರಸ ಕಾಣಬೇಕೇ ಹೊರತು ಪಾತ್ರೆಯಲ್ಲ ಎಂಬುದು ಅದರ ತಾತ್ಪರ್ಯ. ಎರಡನೆಯ ಮಹಾಯುದ್ಧದ ತರುವಾಯ ಸ್ವಿಸ್ ವಿನ್ಯಾಸಕಾರರು ಚೌಕಳಿ ಮತ್ತು ಅಲಂಕಾರರಹಿತ ಅಕ್ಷರಗಳ ಮೂಲಕ ಈ ಆದರ್ಶಕ್ಕೆ ಕಟ್ಟುನಿಟ್ಟಾದ ವ್ಯಾಕರಣವನ್ನು ಒದಗಿಸಿದರು. ಮುಂದೆ ಹೆಲ್ವೆಟಿಕಾ ಎಂದು ಹೆಸರಾದ ಅಕ್ಷರಮಾಲೆ 1957ರಲ್ಲಿ ಬಂದದ್ದು ಈ ವಾತಾವರಣದಿಂದಲೇ.

ಈ ವ್ಯಾಕರಣಕ್ಕೆ ಮೊದಲ ಪೆಟ್ಟು ಬಿದ್ದದ್ದೂ ಸ್ವಿಟ್ಜರ್ಲೆಂಡಿನಲ್ಲಿಯೇ ಎಂಬುದು ಕುತೂಹಲಕರ. 1968ರಿಂದ ಬಾಸೆಲ್ ನಗರದಲ್ಲಿ ಬೋಧಿಸುತ್ತಿದ್ದ ವೋಲ್ಫ್‌ಗಾಂಗ್ ವೈಂಗಾರ್ಟ್ ಸೀಸದ ಮೊಳೆಗಳನ್ನೇ ಬಳಸಿ ನಿಯಮಗಳನ್ನು ಮುರಿದ. ಅಕ್ಷರಗಳ ನಡುವೆ ಅತಿಯಾದ ತೆರಪು, ಒಂದೇ ಪದದಲ್ಲಿ ಹಲವು ದಪ್ಪ, ಮೆಟ್ಟಿಲಿನಂಥ ಅಂಚು ಮೊದಲಾದವು ಅವನ ಪ್ರಯೋಗಗಳು. ಅನಂತರ ಅವನು ಮುದ್ರಣದ ಫಿಲ್ಮುಗಳನ್ನು ಒಂದರ ಮೇಲೊಂದಿಟ್ಟು ಪದರುಗಳನ್ನು ಸಾಧಿಸಿದ. ಇನ್ನೊಂದು ನಿದರ್ಶನ ಅಮೆರಿಕದ ಕ್ರ್ಯಾನ್‌ಬ್ರೂಕ್ ಕಲಾ ಅಕಾಡೆಮಿಯದು. ಕ್ಯಾಥರೀನ್ ಮೆಕಾಯ್ ಅವರ ವಿದ್ಯಾರ್ಥಿಗಳು 1978ರಲ್ಲಿ 'ವಿಸಿಬಲ್ ಲ್ಯಾಂಗ್ವೇಜ್' ಪತ್ರಿಕೆಯ ಫ್ರೆಂಚ್ ಸಾಹಿತ್ಯಚಿಂತನೆಯ ವಿಶೇಷ ಸಂಚಿಕೆಯನ್ನು ವಿನ್ಯಾಸಗೊಳಿಸಿದರು. ಪುಟ ತಿರುವಿದಂತೆಲ್ಲ ಪದಗಳ ನಡುವಣ ತೆರಪು ಹಿಗ್ಗುತ್ತ ಹೋಗಿ ಸಾಲುಗಳು ಒಡೆಯುತ್ತವೆ. ನಿರಚನವಾದವನ್ನು ಕುರಿತು ಬರೆದ ಪ್ರಬಂಧಗಳೇ ಓದುಗನ ಕಣ್ಣೆದುರಿನಲ್ಲಿ ನಿರಚನಗೊಳ್ಳುವ ಈ ಪ್ರಯೋಗ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಗಮನಾರ್ಹ. ಈ ಎರಡು ಕಡೆಯೂ ವೈಯಕ್ತಿಕ ಕಂಪ್ಯೂಟರಿನ ನೆರವಿರಲಿಲ್ಲ. ಸಿದ್ಧಾಂತವೂ ಅಭಿರುಚಿಯೂ ಯಂತ್ರಕ್ಕಿಂತ ಮೊದಲೇ ಬದಲಾಗಿದ್ದವು.

ಹಾಗಾದರೆ ಯಂತ್ರ ಮಾಡಿದ್ದೇನು? 1984ರ ಜನವರಿಯಲ್ಲಿ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿನ ಸ್ಮೃತಿ 128 ಕಿಲೋಬೈಟ್. ಅದರ ಕಪ್ಪುಬಿಳುಪು ಪರದೆಯಲ್ಲಿ ಅಂಗುಲಕ್ಕೆ 72 ಬಿಂದುಗಳು ಮಾತ್ರ. ನುರಿತ ಅಕ್ಷರ ವಿನ್ಯಾಸಕಾರರಲ್ಲಿ ಬಹಳ ಮಂದಿಗೆ ಇದು ಆಟಿಕೆಯಾಗಿ ತೋರಿತು. ಸೀಸದ ಅಕ್ಷರದ ಸೂಕ್ಷ್ಮವಾದ ಬಾಗು ಬಳುಕುಗಳನ್ನು ಇಷ್ಟು ಒರಟಾದ ಚೌಕಗಳಲ್ಲಿ ಹಿಡಿಯುವುದೆಂತು? ಬ್ರಾಟಿಸ್ಲಾವಾದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಜುಜಾನಾ ಲಿಚ್ಕೊ ಈ ಪ್ರಶ್ನೆಯನ್ನೇ ಬದಲಾಯಿಸಿದಳು. ಹಳೆಯ ಅಕ್ಷರವನ್ನು ಹೊಸ ಪರದೆಗೆ ಒಗ್ಗಿಸುವುದನ್ನು ಬಿಟ್ಟು, ಪರದೆಯ ಬಿಂದುವನ್ನೇ ಮೂಲದ್ರವ್ಯವಾಗಿ ಸ್ವೀಕರಿಸಿದಳು. ಎಂಪರರ್, ಓಕ್‌ಲ್ಯಾಂಡ್, ಎಮಿಗ್ರೆ ಎಂಬ ಅವಳ 1985ರ ಅಕ್ಷರಮಾಲೆಗಳು ರೂಪುಗೊಂಡದ್ದು ಹೀಗೆ. ಎಂಪರರ್ ಎಂಟು, ಹತ್ತು, ಹದಿನೈದು, ಹತ್ತೊಂಬತ್ತು ಎಂಬ ಹೆಸರುಗಳಲ್ಲಿನ ಸಂಖ್ಯೆ ದೊಡ್ಡಕ್ಷರದ ಎತ್ತರದಲ್ಲಿರುವ ಬಿಂದುಗಳ ಲೆಕ್ಕವನ್ನು ಸೂಚಿಸುತ್ತದೆ. ಎಂಟು ಬಿಂದುಗಳ ಎತ್ತರಕ್ಕೆ ಹೊಂದುವ ಆಕಾರವನ್ನು ಹತ್ತೊಂಬತ್ತಕ್ಕೆ ಹಿಗ್ಗಿಸುವಂತಿಲ್ಲ. ಪ್ರತಿಯೊಂದನ್ನೂ ಬೇರೆಯಾಗಿಯೇ ಕಟ್ಟಬೇಕು. ಇಲ್ಲಿ ಅಳತೆ ಎಂಬುದು ಆಕಾರದ ಹೊರಗಿನ ಸಂಗತಿಯಾಗಿ ಉಳಿಯಲಿಲ್ಲ.

ಈ ಅಕ್ಷರಗಳಿಗೆ ಆಶ್ರಯವಾದದ್ದು ಅವಳ ಪತಿ, ನೆದರ್‌ಲ್ಯಾಂಡ್ಸ್ ಮೂಲದ ರೂಡಿ ವಾಂಡರ್‌ಲಾನ್ಸ್ 1984ರಲ್ಲಿ ಇತರರೊಡನೆ ಆರಂಭಿಸಿದ 'ಎಮಿಗ್ರೆ' ಪತ್ರಿಕೆ. ವಲಸಿಗ ಎಂಬುದು ಆ ಹೆಸರಿನ ಅರ್ಥ. ಮೊದಮೊದಲು ಬೆರಳಚ್ಚು ಯಂತ್ರ ಮತ್ತು ನೆರಳಚ್ಚಿನ ಮೂಲಕ ಅಕ್ಷರ ಜೋಡಿಸುತ್ತಿದ್ದ ಪತ್ರಿಕೆ ಶೀಘ್ರದಲ್ಲಿಯೇ ಲಿಚ್ಕೊಳ ಅಕ್ಷರಗಳನ್ನು ಬಳಸತೊಡಗಿತು. ವಿನ್ಯಾಸಕಾರ, ಅಕ್ಷರ ಜೋಡಿಸುವವ, ಸಂಪಾದಕ, ಪ್ರಕಾಶಕ ಎಂಬ ಶ್ರಮವಿಭಜನೆ ಒಂದು ಮೇಜಿನ ಮೇಲೆ ಕರಗಿತು. ತಂತ್ರಜ್ಞಾನದ ನಿಜವಾದ ಕೊಡುಗೆ ಶೈಲಿಗಿಂತ ಹೆಚ್ಚಾಗಿ ಇದೇ ಎನ್ನಬೇಕು.

ಬಾಸೆಲ್‌ನಲ್ಲಿ ವೈಂಗಾರ್ಟ್ ಬಳಿ ಕಲಿತಿದ್ದ ಏಪ್ರಿಲ್ ಗ್ರೈಮನ್ ಈ ಎರಡು ಧಾರೆಗಳನ್ನೂ ಕೂಡಿಸಿದವಳು. 1986ರಲ್ಲಿ 'ಡಿಸೈನ್ ಕ್ವಾರ್ಟರ್ಲಿ' ಪತ್ರಿಕೆಯ 133ನೆಯ ಸಂಚಿಕೆಯನ್ನು ಅವಳು ಪುಟಗಳ ಬದಲು ಮಡಿಸಿದ ಒಂದೇ ಭಿತ್ತಿಪತ್ರವಾಗಿ ರೂಪಿಸಿದಳು. ಸುಮಾರು ಆರು ಅಡಿ ಉದ್ದದ ಆ ಹಾಳೆಯಲ್ಲಿ ಅವಳದೇ ನಗ್ನ ದೇಹದ ಬಿಂಬ ಬಿಂದುಗಳಾಗಿ ಹರಡಿದೆ. ಗುರು ಫಿಲ್ಮಿನ ಪದರುಗಳಲ್ಲಿ ಹುಡುಕಿದ್ದನ್ನು ಶಿಷ್ಯೆ ಪರದೆಯ ಮೇಲೆ ಕಂಡುಕೊಂಡಳು.

ಅಷ್ಟರಲ್ಲಿ ಯಂತ್ರವೂ ಬದಲಾಗಿತ್ತು. ಪೋಸ್ಟ್‌ಸ್ಕ್ರಿಪ್ಟ್ ಭಾಷೆಯನ್ನು ಅಳವಡಿಸಿಕೊಂಡ ಆ್ಯಪಲ್‌ನ ಲೇಸರ್ ಮುದ್ರಕ ಮತ್ತು ಪೇಜ್‌ಮೇಕರ್ ತಂತ್ರಾಂಶಗಳು 1985ರಲ್ಲಿ ಬಂದು, ಅಕ್ಷರವನ್ನು ಗಣಿತದ ರೇಖೆಯಾಗಿ ವರ್ಣಿಸುವುದು ಸಾಧ್ಯವಾಯಿತು. ಲಿಚ್ಕೊ ಮತ್ತೆ ಮಿತಿಯನ್ನೇ ಹಿಡಿದಳು. 1986ರ ಮೇಟ್ರಿಕ್ಸ್ ಅಕ್ಷರಮಾಲೆಯಲ್ಲಿ ಅಡ್ಡಪಟ್ಟಿಯ ಬದಲು ತ್ರಿಕೋನಾಕಾರದ ಕುಚ್ಚುಗಳಿವೆ. ಮುದ್ರಕ ಯಂತ್ರ ನಯವಾಗಿ ಎಳೆಯಬಲ್ಲ ಓರೆಗೆರೆ 45 ಡಿಗ್ರಿಯದು ಎಂಬುದೂ, ಕಡಿಮೆ ಬಿಂದುಗಳಿಂದ ಸ್ಮೃತಿಯ ಹೊರೆ ತಗ್ಗುತ್ತದೆ ಎಂಬುದೂ ಇದಕ್ಕೆ ಕಾರಣ.

ವಿರೋಧ ಬಾರದೆ ಇರಲಿಲ್ಲ. ಆಧುನಿಕ ಪಂಥದ ಹಿರಿಯ ಮಾಸ್ಸಿಮೊ ವಿನ್ಯೆಲ್ಲಿ ಎಮಿಗ್ರೆಯ ಕೆಲಸವನ್ನು ಕಸವೆಂದು ಜರೆದ. 1993ರಲ್ಲಿ ಸ್ಟೀವನ್ ಹೆಲ್ಲರ್ 'ಐ' ಪತ್ರಿಕೆಯಲ್ಲಿ ಈ ಬಗೆಯ ವಿನ್ಯಾಸವನ್ನು ಕುರೂಪದ ಆರಾಧನೆಯೆಂದು ಟೀಕಿಸಿದ. ಮರುವರ್ಷ ಡೇವಿಡ್ ಕಾರ್ಸನ್ 'ರೇ ಗನ್' ಪತ್ರಿಕೆಯಲ್ಲಿ ಗಾಯಕ ಬ್ರಯನ್ ಫೆರಿಯ ಸಂದರ್ಶನವನ್ನು ಅಕ್ಷರಗಳೇ ಇಲ್ಲದ, ಬರಿಯ ಚಿಹ್ನೆಗಳ ಮಾಲೆಯಲ್ಲಿ ಅಚ್ಚುಹಾಕಿಸಿದ. ಇದು ಹೆಲ್ಲರನ ಆಕ್ಷೇಪಕ್ಕೆ ಪುಷ್ಟಿ ಕೊಟ್ಟಿತೆಂದೇ ಹೇಳಬೇಕು. ಓದುಗನಿಗೆ ಇಲ್ಲಿ ಉಳಿದದ್ದು ಚೇಷ್ಟೆ ಮಾತ್ರ. ಲಿಚ್ಕೊಳ ಸಮರ್ಥನೆ ಇದಕ್ಕಿಂತ ಗಟ್ಟಿಯಾದದ್ದು. 1990ರ 15ನೆಯ ಸಂಚಿಕೆಯಲ್ಲಿ ಅವಳು, ಸುಲಭವಾಗಿ ಓದಿಸಿಕೊಳ್ಳುವುದು ಅಕ್ಷರದ ಸಹಜ ಗುಣವಲ್ಲ, ಓದುಗನ ಅಭ್ಯಾಸದ ಫಲ ಎಂದು ವಾದಿಸಿದಳು. ಇಂದು ತೊಡಕೆನಿಸುವ ಯುರೋಪಿನ ಕಪ್ಪಕ್ಷರ ಒಂದು ಕಾಲದಲ್ಲಿ ಸಹಜವೆನಿಸಿತ್ತು ಎಂಬುದು ಅವಳ ನಿದರ್ಶನ.

1996ರಲ್ಲಿ ಲಿಚ್ಕೊ 18ನೆಯ ಶತಮಾನದ ಬಾಸ್ಕರ್‌ವಿಲ್‌ನ ಅಕ್ಷರಗಳನ್ನು ಆಧರಿಸಿ ಮಿಸೆಸ್ ಈವ್ಸ್ ಎಂಬ ಮಾಲೆಯನ್ನು ರಚಿಸಿದಳು. ಬಾಸ್ಕರ್‌ವಿಲ್‌ನ ಅಕ್ಷರಗಳೂ ಅವನ ಕಾಲದಲ್ಲಿ ಕಣ್ಣಿಗೆ ನೋವು ತರುವಂಥವೆಂಬ ಟೀಕೆಗೆ ಗುರಿಯಾಗಿದ್ದವು. ಅದೇ ವರ್ಷ ಅವಳ ಫಿಲೊಸೋಫಿಯಾ ಅಕ್ಷರಮಾಲೆಯ ಭಿತ್ತಿಪತ್ರವನ್ನು ವಿನ್ಯಾಸಗೊಳಿಸಿದಾತ, ಹಿಂದೆ ಕಸವೆಂದಿದ್ದ ಅದೇ ವಿನ್ಯೆಲ್ಲಿ. 'ಎಮಿಗ್ರೆ' ಪತ್ರಿಕೆ 69 ಸಂಚಿಕೆಗಳ ಬಳಿಕ 2005ರಲ್ಲಿ ನಿಂತಿತು. ಬಿಂದುಗಳ ಅಕ್ಷರಗಳು ಮಾತ್ರ ನಿಲ್ಲಲಿಲ್ಲ. ಮುದ್ರಕಗಳು ಎಷ್ಟು ನಯವಾದ ರೇಖೆಯನ್ನಾದರೂ ಎಳೆಯಬಲ್ಲವಾಗಿದ್ದ 2001ರಲ್ಲಿ ಅವು ಲೋ-ರೆಸ್ ಎಂಬ ಹೆಸರಿನಲ್ಲಿ ಒಟ್ಟಾಗಿ ಮರಳಿ ಬಂದವು. 2011ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡ 23 ಡಿಜಿಟಲ್ ಅಕ್ಷರಮಾಲೆಗಳಲ್ಲಿ ಓಕ್‌ಲ್ಯಾಂಡ್ ಕೂಡ ಒಂದು. 1985ರಲ್ಲಿ ಯಂತ್ರದ ಬಡತನ ಹೇರಿದ ಅದೇ ಮೆಟ್ಟಿಲಂಚು ಈಗ ಆಯ್ಕೆಯಾಗಿ, ಗತಕಾಲದ ಉಲ್ಲೇಖವಾಗಿ ಓದಿಸಿಕೊಳ್ಳುತ್ತದೆ.