ಪುಟ್ಟಕ್ಕನಿಗೂ ಮೊದಲಿನ ಉಮಾಶ್ರೀ

ನಮ್ಮ ಸೀರಿಯಲ್‌ಗಳಲ್ಲಿ ಅಮ್ಮಂದಿರಿಗೆ ಇರೋ ಕೆಲಸ ಗೊತ್ತಲ್ಲ? ಸೆರಗಲ್ಲಿ ಕಣ್ಣೊರೆಸಿಕೊಳ್ಳೋದು, ದೇವರ ಮುಂದೆ ನಿಂತು ಬೇಡಿಕೊಳ್ಳೋದು, ಇಲ್ಲಾಂದ್ರೆ ಸೊಸೆ ವಿರುದ್ಧ ಸಂಚು ಮಾಡೋದು. ಕಥೆ ಮಾತ್ರ ಇಪ್ಪತ್ತರ ಹುಡುಗಿಯದ್ದು. ಅದಕ್ಕೇ 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ನನಗೆ ಮೊದಲು ಹಿಡಿಸಿದ್ದು ಅದರ ಹೆಸರು. ಗಂಡುಮಗು ಹೆರಲಿಲ್ಲ ಅಂತ ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದವಳು ಪುಟ್ಟಕ್ಕ. ಆ ಪಾತ್ರಕ್ಕೆ ಬಂದವರು ಅರವತ್ತು ದಾಟಿದ ಉಮಾಶ್ರೀ.

ಅವರನ್ನು ನಮ್ಮ ಸಿನಿಮಾ ಬಳಸಿಕೊಂಡ ರೀತಿ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತೆ. 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ದಿಂದ ಹೆಸರಾದರು. ಆಮೇಲೆ ವರ್ಷಗಟ್ಟಲೆ ಎನ್.ಎಸ್. ರಾವ್ ಜೋಡಿಯಾಗಿ ಕಾಮಿಡಿ, ಬಹಳಷ್ಟು ಡಬಲ್ ಮೀನಿಂಗ್. ಜನ ನಕ್ಕರು, ನಿರ್ಮಾಪಕರಿಗೆ ಅಷ್ಟೇ ಸಾಕಾಯ್ತು. ಆದರೆ ರಂಗಭೂಮಿಗೆ ಬೇರೆಯೇ ಉಮಾಶ್ರೀ ಗೊತ್ತಿದ್ದರು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ನಾಟಕ ಮಾಡಿಸಿದಾಗ, ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕೋ ಮುದುಕಿ ಸಾಕವ್ವ ಆಗಿದ್ದು ಇವರೇ, ಅದೂ ಹರೆಯದಲ್ಲಿ!

ಸಿನಿಮಾದಲ್ಲಿ ಅಂಥ ಪಾತ್ರ ಕೊಟ್ಟವರು ಗಿರೀಶ್ ಕಾಸರವಳ್ಳಿ. ವೈದೇಹಿ ಅವರ ಕಥೆ ಆಧರಿಸಿದ ‘ಗುಲಾಬಿ ಟಾಕೀಸ್’ (2008) ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ತಂದಿತು. ಅದರಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬರುತ್ತೆ, ಊರ ಹೆಂಗಸರು ಅದರ ಮುಂದೆ ಸೇರ್ತಾರೆ. ಹದಿಮೂರು ವರ್ಷ ಕಳೆದ ಮೇಲೆ ಅದೇ ಗುಲಾಬಿ ಏಳೂವರೆಗೆ ಎಲ್ಲರ ಮನೆ ಟಿವಿಯೊಳಗೇ ಬಂದು ಕೂತಳು ನೋಡಿ!

ಡೈಲಿ ಸೀರಿಯಲ್ ಸುಲಭದ್ದಲ್ಲ. ಕಥೆ ಎಲ್ಲಿ ಮುಗಿಯುತ್ತೆ ಅಂತ ಗೊತ್ತಿಲ್ಲದೇ ಪಾತ್ರ ಕಟ್ಟಬೇಕು, ಒಂದೇ ದುಃಖವನ್ನು ನೂರು ಸಲ ಹೊಸದಾಗಿ ಅಳಬೇಕು. ‘ಪುಟ್ಟಕ್ಕ’ನಲ್ಲೂ ಎಳೆದಾಟ ಇತ್ತು, ಢಣ್ ಢಣ್ ಅಂತ ಮೂರು ಸಲ ಮುಖ ತೋರಿಸೋ ಚಾಳಿಯೂ ಇತ್ತು. ಮೆಟ್ರೊದಲ್ಲಿ ಮೊಬೈಲ್‌ನಲ್ಲಿ ನೋಡೋ ನಾನು ವೇಗ 1.5ಕ್ಕೆ ಇಟ್ಟುಬಿಡ್ತೀನಿ. ಉಮಾಶ್ರೀ ಬಂದ ತಕ್ಷಣ ಮತ್ತೆ 1ಕ್ಕೆ ಇಳಿಸ್ತೀನಿ. ಅವರು ಮಾತು ಮುಗಿಸಿ ಸುಮ್ಮನಾಗೋ ಆ ಒಂದು ಗಳಿಗೆ ಓಡಿಸಿದರೆ ಸಿಗಲ್ಲ.

ಇದರ ಮಧ್ಯೆ ರಾಜಕೀಯವೂ ಇದೆ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾಗಿದ್ದರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣವಾದರು. ಪುಟ್ಟಕ್ಕನ ಮೆಸ್ ಮಾತ್ರ ಆಗಲೂ ನಡೀತಾನೇ ಇತ್ತು.