ಟೋಯಿಂಗ್ ಗಾಡಿ ಎಲ್ಲಿಂದ ಬರುತ್ತದೆ?

ಕಾರಿನ ವಿಮೆ ನವೀಕರಿಸುವಾಗ ಏಜೆಂಟರು ಕೊನೆಗೊಂದು ಮಾತು ಸೇರಿಸುತ್ತಾರೆ: ‘ರೋಡ್‌ಸೈಡ್ ಅಸಿಸ್ಟೆನ್ಸ್ ಹಾಕಲೇನ್ರಿ?’ ಹಾಕ್ರಿ ಅಂದುಬಿಡುತ್ತೇವೆ. ಷರತ್ತು ಓದುವುದು ಗಾಡಿ ಕೈಕೊಟ್ಟ ಮೇಲೆ.

ಬ್ಯಾಟರಿ ಇಳಿದರೆ ಜಂಪ್‌ಸ್ಟಾರ್ಟ್, ಪಂಕ್ಚರ್ ಆದರೆ ಸ್ಟೆಪ್ನಿ ಬದಲಾವಣೆ, ಚಾವಿ ಒಳಗುಳಿದರೆ ಬಾಗಿಲು ತೆಗೆಯುವುದು, ಇದ್ಯಾವುದರಿಂದಲೂ ಆಗದಿದ್ದರೆ ಟೋಯಿಂಗ್. ಈ ಪಟ್ಟಿ ಎಲ್ಲ ಕಂಪನಿಗಳದ್ದೂ ಹೆಚ್ಚುಕಡಿಮೆ ಒಂದೇ. ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಿನವರು ನೋಡಬೇಕಾದದ್ದು ಕಿಲೋಮೀಟರು. ಇಲ್ಲಿಂದ ಬೆಳಗಾವಿ ನೂರರ ಆಸುಪಾಸು, ಹುಬ್ಬಳ್ಳಿಯೂ ಐವತ್ತು ದಾಟುತ್ತದೆ. ಯೋಜನೆಯಲ್ಲಿ ಉಚಿತ ಟೋಯಿಂಗ್ 50 ಕಿ.ಮೀ. ಎಂದಿದ್ದರೆ ಉಳಿದದ್ದು ನಿಮ್ಮ ಜೇಬಿನಿಂದ. ಅದು ಹೋಗುವ ದೂರವೋ, ಹೋಗಿಬರುವ ದೂರವೋ? ಹತ್ತಿರದ ಗ್ಯಾರೇಜಿಗೋ, ನೀವು ಹೇಳಿದಲ್ಲಿಗೋ? ಹಣ ಕಟ್ಟುವ ಮೊದಲೇ ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮೂರ ಪಿನ್‌ಕೋಡ್ ಹೇಳಿ, ಗಾಡಿ ಎಲ್ಲಿಂದ ಬರುತ್ತದೆಂದು ಕೇಳಿ. ರಾಮದುರ್ಗದಿಂದಲೋ ಧಾರವಾಡದಿಂದಲೋ ಎಂಬುದರ ಮೇಲೆ ರಾತ್ರಿ ಹೊಲದ ನಡುವೆ ನಿಂತ ಕುಟುಂಬ ಎಷ್ಟು ಹೊತ್ತು ಕಾಯಬೇಕೆಂಬುದು ನಿಂತಿದೆ. ನನಗಂತೂ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಕಾಣುವುದಿಲ್ಲ.

ಇನ್ನೊಂದು ಷರತ್ತು: ರಸ್ತೆ ಬಿಟ್ಟು ಇಳಿದ ಗಾಡಿಯನ್ನು ಎಳೆದು ತೆಗೆಯುವುದು ಹಲವು ಯೋಜನೆಗಳಲ್ಲಿ ಸೇರಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್‌ ಕಟ್ಟಿಕೊಂಡ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಎರೆಮಣ್ಣಿನಲ್ಲಿ ಚಕ್ರ ಹೂತುಹೋಗುವ ಸೀಮೆ ನಮ್ಮದು. ಇದನ್ನು ಬಾಯಿಬಿಟ್ಟು ಕೇಳಲೇಬೇಕು.

ಮಳೆಗಾಲದ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿತ್ತು. ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ ಬಂದ್ ಆಗಿತ್ತು. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಿದರೆ ಎಂಜಿನ್ ಹಾಳಾಗುತ್ತದೆ. ರಸ್ತೆಬದಿ ಸಹಾಯದವರು ಗಾಡಿ ಒಯ್ದಾರು, ಎಂಜಿನ್ ರಿಪೇರಿಯ ಖರ್ಚು ಕೊಡುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯ ವಿಮೆ ಪ್ರತ್ಯೇಕ. ಹೊಳೆಸಾಲಿನವರು ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಎಂಜಿನ್ ರಕ್ಷಣೆಯನ್ನೇ ಹೇಳುತ್ತೇನೆ.

ಹೊಸ ಕಾರಿಗೆ ತಯಾರಕರೇ ಆರಂಭದ ವರ್ಷಗಳಲ್ಲಿ ಈ ಸೇವೆ ಕೊಟ್ಟಿರುವುದುಂಟು. ಒಂದಕ್ಕೇ ಎರಡು ಸಲ ದುಡ್ಡು ಕಟ್ಟಬೇಡಿ. ಆಟೋಮ್ಯಾಟಿಕ್ ಅಥವಾ ವಿದ್ಯುತ್ ಕಾರಾದರೆ ಇಡೀ ಗಾಡಿಯನ್ನು ಮೇಲೆ ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಸಿಗುತ್ತದೆಯೇ ವಿಚಾರಿಸಿ. ಚಕ್ರ ನೆಲಕ್ಕೆ ತಾಗಿಸಿ ಎಳೆದರೆ ಗೇರ್‌ಬಾಕ್ಸ್, ಮೋಟಾರು ಕೆಡಬಹುದು.

ಕಿತ್ತೂರಿನ ಬಳಿ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಕಾರು ನಿಂತರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡಬಹುದು. ಗೊಡಚಿಗೋ ಶಬರಿಕೊಳ್ಳಕ್ಕೋ ಹೋಗುವ ಒಳರಸ್ತೆಗಳಿಗೆ ಆ ಸೇವೆ ಇಲ್ಲ. ಅಲ್ಲಿ ಮೊದಲು ತಲುಪುವವರು ಊರ ಗ್ಯಾರೇಜಿನ ಮಿಸ್ತ್ರಿಗಳೇ. ಹಳೇ ಕಾರು, ಬರೀ ಥರ್ಡ್ ಪಾರ್ಟಿ ವಿಮೆ, ಓಡಾಟವೂ ಸವದತ್ತಿ, ನರಗುಂದದೊಳಗೇ ಇರುವವರು ಯೋಜನೆಗೆ ಕಟ್ಟುವ ಹಣವನ್ನು ಒಳ್ಳೆಯ ಸ್ಟೆಪ್ನಿಗೆ ಹಾಕಿ, ಆ ಮಿಸ್ತ್ರಿಯ ನಂಬರನ್ನು ಮನೆಮಂದಿಯ ಫೋನುಗಳಲ್ಲೆಲ್ಲ ಇಟ್ಟುಕೊಳ್ಳುವುದು ಲೇಸು.