ಭಾರತೀಯ ರಾಗಕ್ಕೆ ಚರ್ಚಿನ ಬಾಗಿಲು ತೆರೆದ ಪಾದ್ರಿ

ಎರಡನೇ ಇಬ್ರಾಹಿಂ ಆದಿಲ್ ಷಾ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದ ವಿಜಯಪುರಕ್ಕೆ, ಸಂಗೀತವು ಮತದ ಗಡಿ ದಾಟುವುದು ಹೊಸದಲ್ಲ. ಕ್ಯಾಥೊಲಿಕ್ ಬಲಿಪೂಜೆಗೆ ಆ ದಾರಿ ತಡವಾಗಿ ತೆರೆಯಿತು. ಅಲ್ಲಿ ಶತಮಾನಗಳ ಕಾಲ ಲ್ಯಾಟಿನ್ ಭಾಷೆಯೇ ನಡೆದಿತ್ತು. ಗಾಯನವೃಂದ ಹಾಡಿದ್ದು ಬಹುತೇಕ ಭಕ್ತರಿಗೆ ಅರ್ಥವಾಗುತ್ತಿರಲಿಲ್ಲ.

1930ರ ದಶಕದಲ್ಲಿ ಮಧ್ಯಭಾರತಕ್ಕೆ ಬಂದ ಎಸ್.ವಿ.ಡಿ. ಸಂಸ್ಥೆಯ ಜರ್ಮನ್ ಪಾದ್ರಿ ಜಾರ್ಜ್ ಪ್ರಾಕ್ಷ್ ಈ ಕೊರತೆಯನ್ನು ಕಂಡರು. ಹಿಂದಿ ಕಲಿತು, ಭಾರತೀಯ ರಾಗಗಳಲ್ಲಿ ಕ್ರಿಸ್ತಗೀತೆಗಳನ್ನು ರಚಿಸಿದರು. ಮುಂಬಯಿಯ ಅಂಧೇರಿಯಲ್ಲಿ ಜ್ಞಾನ ಆಶ್ರಮ ಕಟ್ಟಿದರು. ಪರದೇಶಿಯೊಬ್ಬರು ಈ ಕೆಲಸಕ್ಕೆ ಮುಂದಾದದ್ದು ಗಮನಾರ್ಹ.

ಚರ್ಚಿನ ಅಧಿಕೃತ ಸಮ್ಮತಿ ಬಂದದ್ದು ಆಮೇಲೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೂ ಸ್ಥಳೀಯ ಸಂಗೀತಕ್ಕೂ ಪೂಜೆಯಲ್ಲಿ ಸ್ಥಾನ ನೀಡಿತು. ಗಾಯನವೃಂದವನ್ನು ಬೆಳೆಸಬೇಕು, ಆದರೆ ನೆರೆದ ಜನರೂ ದನಿಗೂಡಿಸುವಂತಿರಬೇಕು ಎಂದೂ ವಿಧಿಸಿತು. ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದ ವಿಜಯಪುರದಲ್ಲಿಯೂ ಗಾಯನವೃಂದ ನಡೆಸುವವರಿಗೆ ಅನ್ವಯಿಸುವುದು ಇದೇ ನಿಯಮ.